ಕೆಂಪು ಉಚ್ಚೆ, ನೀಲಿ ಮದ್ದು

ಮುಟ್ಟಳ್ಳಿಯ ಆಚೆಗಿನ ಆ ಕೇರಿಯವರಿಗೆ ನನ್ನ ಮೇಲೆ ಸಂಶಯ ಹುಟ್ಟಿದ್ದು ನಾನು ಬಾಯಿ ತೆರೆಯುವ ಮೊದಲೇ. ಕಾರಣ ನನ್ನ ಜೊತೆಗಿದ್ದ ಆಡು. ಇದ್ದಿಲಿನ ಗ್ಯಾಸಿನಿಂದ ಓಡುತ್ತಿದ್ದ ಯುದ್ಧಕಾಲದ ಬಸ್ಸು ನಮ್ಮನ್ನು ಭಟ್ಕಳದಲ್ಲಿ ಇಳಿಸುವ ಹೊತ್ತಿಗೆ ಆಡಿಗೆ ಜ್ವರ ಏರತೊಡಗಿತ್ತು. ನನ್ನ ಸಹಾಯಕ ಡ್ರೆಸರ್ ಅದನ್ನು ಹೆಗಲ ಮೇಲೆ ಹೊತ್ತುಕೊಂಡು ಗದ್ದೆಯ ಬದುವಿನ ಮೇಲೆ ಮುಂದೆ ನಡೆದ. ಪೆಟ್ಟಿಗೆ ಹಿಡಿದು ಹಿಂದೆ ನಾನು. ಮೊದಲನೇ ಮನೆಯ ಅಂಗಳದಲ್ಲಿ ನಿಂತಿದ್ದವನೊಬ್ಬ ಆಡಿನ ಮೂಗನ್ನೇ ನೋಡಿದ.

"ಎಂತ ಇದು, ಸೀಕಿನ ಆಡನ್ನ ಊರೊಳಗೆ ತಂದದ್ದು?"

"ದನಗಳಿಗೆ ಮದ್ದು" ಎಂದೆ.

"ಮದ್ದು ಪೆಟ್ಟಿಗೇಲಿ ಉಂಟು ಅಂದ್ಕಂಡಿದ್ದೆ ನಾನು."

"ಇಲ್ಲ. ಆಡಿನೊಳಗೆ ಉಂಟು."

ಅವನು ಮಕ್ಕಳನ್ನು ಒಳಗೆ ಕಳಿಸಿ ಬಾಗಿಲು ಎಳೆದುಕೊಂಡ.

ನಾನು ಆಗ ಕುಮಟೆಯಲ್ಲಿ ದನದ ಡಾಕ್ಟರು. ಕುಮಟೆಯಿಂದ ಹಿಡಿದು ಹೊನ್ನಾವರ, ಭಟ್ಕಳದವರೆಗಿನ ದನಗಳೆಲ್ಲ ನನ್ನ ಪಾಲಿಗೆ ಬಿದ್ದಿದ್ದವು. ಆ ಬೇಸಿಗೆಯಲ್ಲಿ ಘಟ್ಟದ ಬುಡದ ಊರುಗಳಲ್ಲಿ ದೊಡ್ಡ ರೋಗ ಕಾಣಿಸಿಕೊಂಡಿತ್ತು. ಮೊದಲು ಜ್ವರ, ಕಣ್ಣಲ್ಲಿ ನೀರು, ಒಸಡಿನ ಮೇಲೆ ತೌಡು ಉದುರಿಸಿದಂಥ ಹುಣ್ಣು, ಆಮೇಲೆ ದೂರಕ್ಕೇ ನಾರುವ ಭೇದಿ. ಹಿಡಿದ ಕೊಟ್ಟಿಗೆಯಲ್ಲಿ ಹೆಚ್ಚಿನವು ಉಳಿಯುವುದಿಲ್ಲ. ಅದಕ್ಕೆ ಔಷಧಿ ಇರಲಿಲ್ಲ, ಬರುವ ಮೊದಲೇ ತಡೆಯುವ ಚುಚ್ಚುಮದ್ದು ಇತ್ತು. ರೋಗದ ವಿಷವನ್ನು ಆಡಿನಿಂದ ಆಡಿಗೆ ದಾಟಿಸುತ್ತ ಹೋದರೆ ಅದು ದನಗಳ ಮಟ್ಟಿಗೆ ಸಪ್ಪೆಯಾಗುತ್ತದೆ. ಜ್ವರ ಏರಿದ ಆಡನ್ನು ಕೊಯ್ದು, ಅದರ ಗುಲ್ಮವನ್ನು ಕಲ್ಲಿನ ಒರಳಲ್ಲಿ ಅರೆದು, ಕುದಿಸಿ ಆರಿಸಿದ ಉಪ್ಪುನೀರಲ್ಲಿ ಕದಡಿ, ಮಲ್‌ಮಲ್ ಬಟ್ಟೆಯಲ್ಲಿ ಸೋಸಿ, ದನದ ಕತ್ತಿನ ಚರ್ಮದಡಿ ಹಾಕುವುದು. ಮಂಜುಗಡ್ಡೆ ಸಿಕ್ಕಿದ್ದರೆ ಗುಲ್ಮವನ್ನಷ್ಟೇ ತರಬಹುದಿತ್ತು. ಯುದ್ಧದ ದಿನಗಳಲ್ಲಿ ಕರಾವಳಿಯಲ್ಲಿ ಮಂಜುಗಡ್ಡೆ ಎಲ್ಲಿಂದ? ಅದಕ್ಕೇ ಜೀವಂತ ಆಡು.

ಊರಿನ ಪಟೇಲರು ತಮ್ಮ ದನಗಳನ್ನು ಬೆಳಿಗ್ಗೆಯೇ ಗುಡ್ಡಕ್ಕೆ ಹೊಡೆಸಿಬಿಟ್ಟಿದ್ದರು. "ಮೊದಲು ಉಳಿದವರದ್ದು ಆಗ್ಲಿ. ನಮ್ಮದು ಎಲ್ಲಿಗೆ ಓಡಿ ಹೋಗ್ತದೆ?" ಎಂದು ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚಿದರು. ಯಾರೂ ಮುಂದೆ ಬರಲಿಲ್ಲ. ಕಡೆಗೆ ಒಬ್ಬ ಹೆಂಗಸು ತನ್ನ ಜೋಡೆತ್ತನ್ನು ಹಿಡಿದುಕೊಂಡು ಬಂದಳು. ಗಂಡ ಮಚವೆ ದೋಣಿಯಲ್ಲಿ ಉಪ್ಪು ಸಾಗಿಸುವ ಕೆಲಸಕ್ಕೆ ಹೋದವನು, ಮಳೆ ಹಿಡಿಯುವ ಮುಂಚೆ ಊರಿಗೆ ಬರುವವನಲ್ಲ. ಗೇಣಿ ಗದ್ದೆಯನ್ನು ಆ ಎತ್ತುಗಳಿಂದ ಇವಳೇ ಉಳಿಸಿಕೊಂಡಿದ್ದಳು. ಅವಳ ಎತ್ತುಗಳಿಗೆ ಹಾಕಿದ ಮೇಲೆ ಇನ್ನೂ ಕೆಲವರು ಬಂದರು. ನಾಲ್ಕೈದು ದಿನಗಳಲ್ಲಿ ಮೈ ಬಿಸಿಯಾಗಬಹುದು, ಹೆದರಬೇಡಿ ಎಂದು ಹೇಳಿ ನಾನು ತೆಂಗಿನಗುಂಡಿ ಎಂಬ ಊರಿನ ಕಡೆಗೆ ಹೋದೆ. ವಾರ ಕಳೆಯುವುದರೊಳಗೆ, ಅಲ್ಲಿಯ ಕೆಲಸ ಮುಗಿಯುವ ಮೊದಲೇ, ಆ ಕೇರಿಯಿಂದ ಕರೆಯಲು ಜನ ಬಂತು. ಬಂದವರು ಇಬ್ಬರು ಗಂಡಸರು. ಎಂತ ಆಯಿತು ಎಂದು ಕೇಳಿದರೆ "ನೀವೇ ಬಂದು ನೋಡಿ" ಎನ್ನುವುದೊಂದೇ ಮಾತು. ದಾರಿಯುದ್ದಕ್ಕೂ ಒಬ್ಬ ನಮ್ಮ ಮುಂದೆ, ಒಬ್ಬ ನಮ್ಮ ಹಿಂದೆ.

ಆ ಹೆಂಗಸಿನ ಒಂದೆತ್ತು ಸತ್ತಿತ್ತು. ಇನ್ನೊಂದು ತಲೆ ಜೋತುಹಾಕಿ ನಿಂತಿತ್ತು. ಕೊಟ್ಟಿಗೆಯ ನೆಲದಲ್ಲಿ ಕಾಫಿ ಕಷಾಯದ ಬಣ್ಣದ ಕೆಂಪು ಉಚ್ಚೆ ನಿಂತಿತ್ತು.

"ಎಂತ ಹಾಕಿದ್ರಿ ಇವಕ್ಕೆ?" ಅವಳು ಅಳುತ್ತಿರಲಿಲ್ಲ. "ನಿಮ್ಮ ಸೂಜಿ ಬೀಳದ ಮನೇಲಿ ಒಂದಾದ್ರೂ ದನ ಕೆಂಪು ಹೊಯ್ದಿದ್ದು ಉಂಟಾ, ಕೇಳಿ ನೋಡಿ."

ನಾನು ಕೇಳಿದೆ. ಒಂದೂ ಇರಲಿಲ್ಲ. ಮದ್ದು ಹಾಕಿಸಿಕೊಂಡ ಬೇರೆ ಕೆಲವು ಕೊಟ್ಟಿಗೆಗಳಲ್ಲಿ ಮಾತ್ರ ಅದೇ ಕೆಂಪು.

ಪಟೇಲರು ಕಟ್ಟೆಯಿಂದ ಎದ್ದು ಬಂದರು. "ಡಾಕ್ಟ್ರೇ, ಈ ಎತ್ತು ನಿಲ್ಲೂದಾ ಬೀಳೂದಾ ಗೊತ್ತಾಗೂವರೆಗೆ ನೀವು ಇಲ್ಲೇ ಇರಿ. ನಾವು ಕಟ್ಟಿಹಾಕೂದಿಲ್ಲ. ಆದ್ರೆ ಹೋಗೂಕೂ ಬಿಡೂದಿಲ್ಲ."

ಹಾಗೆ ಆ ಹೆಂಗಸಿನ ಜಗಲಿಯೇ ನನ್ನ ಬಿಡಾರವಾಯಿತು. ನಾನು ಬಾವಿಯ ಹತ್ತಿರ ಹೋದರೆ ಒಬ್ಬ ಹಿಂದೆ ಬರುತ್ತಿದ್ದ, ಹಗ್ಗ ಮುಟ್ಟಲು ಬಿಡುತ್ತಿರಲಿಲ್ಲ. ನೀರನ್ನು ಅವನೇ ಸೇದಿ ಹೊಯ್ಯುತ್ತಿದ್ದ. ಬೆಳಗಾದರೆ ಪೆಟ್ಟಿಗೆ ತೆಗೆಸಿ ಬಾಟಲಿಗಳನ್ನು ಒಂದೊಂದಾಗಿ ಮೂಸಿ ನೋಡುತ್ತಿದ್ದರು. ಅವರಷ್ಟೇ ಅಲ್ಲ, ನಾನೂ ಅನುಮಾನದಲ್ಲಿದ್ದೆ. ಆಡಿನ ವಿಷ ಮತ್ತೆ ಚುರುಕಾಯಿತೇ? ಹಾಗಾಗಿದ್ದರೆ ಬಾಯಲ್ಲಿ ಹುಣ್ಣು ಇರಬೇಕಿತ್ತು, ಇರಲಿಲ್ಲ. ಉಪ್ಪುನೀರು ಕೆಟ್ಟಿತ್ತೇ? ಅದನ್ನು ಕುದಿಸಿದ್ದು ಡ್ರೆಸರ್. ಅಘನಾಶಿನಿಯವನು, ಮನೆಮಾತು ಕೊಂಕಣಿ, ನನ್ನ ಜೊತೆ ಬಹಳ ಊರು ಸುತ್ತಿದವನು. ಸಾಕಷ್ಟು ಕುದಿಸಿದ್ದೆಯಾ ಎಂದು ಕೇಳಿದೆ.

"ನನ್ನ ಮೇಲೆ ಅವರದ್ದೂ ಅನುಮಾನ, ನಿಮ್ಮದೂ ಅನುಮಾನ" ಎಂದು ಸಿಟ್ಟಿನಿಂದ ಎದ್ದು ಹೋಗಿ ಬಾಟಲಿಗಳನ್ನು ಒರೆಸತೊಡಗಿದ.

ಮಾತಿನಲ್ಲಿ ತೀರುವ ವಿಷಯ ಇದಲ್ಲ, ರಕ್ತ ನೋಡಬೇಕಿತ್ತು. ಬದುಕಿದ್ದ ಎತ್ತಿನ ಕಿವಿಯ ತುದಿಯನ್ನು ಸ್ಪಿರಿಟಿನಿಂದ ಒರೆಸಿ, ಸೂಜಿಯಿಂದ ಚುಚ್ಚಿ, ಗಾಜಿನ ಪಟ್ಟಿಯ ಮೇಲೆ ಒಂದು ಹನಿಯನ್ನು ತೆಳ್ಳಗೆ ಎಳೆದೆ. ಒಣಗಿದ ಮೇಲೆ ಬಣ್ಣ ಹೊಯ್ದು, ಬಾವಿಯ ನೀರಿನಿಂದ ತೊಳೆದೆ. ಸೂಕ್ಷ್ಮದರ್ಶಕವನ್ನು ಬಿಸಿಲು ಬೀಳುವ ಕಡೆಗೆ ತಿರುಗಿಸಿ ನೋಡಿದರೆ ಮಸಿ ಚೆಲ್ಲಿದಂತೆ ಬರೀ ಕಲೆಗಳು. ಇನ್ನೊಂದು ಮಾಡಿದೆ, ಅದೂ ಹಾಗೇ. ಬಣ್ಣದ ಬಾಟಲಿಯನ್ನು ಯಾರೋ ಮುಟ್ಟಿದ್ದಾರೆ ಎನ್ನಿಸಿ ಮೂಸುವವರ ಮೇಲೆಲ್ಲ ಸಿಟ್ಟು ಬಂತು. ಆಮೇಲೆ ಬಾವಿಯ ನೀರನ್ನು ನಾಲಗೆಗೆ ಹಚ್ಚಿಕೊಂಡು ನೋಡಿದೆ. ಬೇಸಿಗೆಯ ಕೊನೆ, ಹೊಳೆಯಲ್ಲಿ ಸಮುದ್ರದ ಭರತ ಮೇಲೇರುವ ಕಾಲ. ನೀರು ಸವಳಾಗಿತ್ತು. ಆ ನೀರಿಗೆ ಬಣ್ಣ ಕೆಡುತ್ತದೆ.

ಆ ಹೆಂಗಸನ್ನು ಒಂದು ಕೆಟಲಿ ಕೇಳಿದೆ. "ಚಾ ಕಾಸೂಕಾ?" ಎಂದಳು ವ್ಯಂಗ್ಯವಾಗಿ. ಆದರೂ ಕೊಟ್ಟಳು. ನೀರು ಕುದಿಸಿ, ಮೂತಿಯ ಎದುರು ತಣ್ಣನೆಯ ಹಿತ್ತಾಳೆ ತಟ್ಟೆ ಓರೆಯಾಗಿ ಹಿಡಿದು, ಆವಿಯಿಂದ ಇಳಿದ ಹನಿಗಳನ್ನು ಲೋಟದಲ್ಲಿ ಕೂಡಿಸಿದೆವು. ತಟ್ಟೆ ಹಿಡಿದವನು ಡ್ರೆಸರ್. ಕೈ ಸುಟ್ಟುಕೊಂಡರೂ ಬಿಡಲಿಲ್ಲ. ಆ ನೀರಿನಿಂದ ತೊಳೆದ ಗಾಜಿನಲ್ಲಿ ಎಲ್ಲ ತಿಳಿಯಾಗಿ ಕಂಡಿತು. ಕೆಂಪು ರಕ್ತಕಣದೊಳಗೆ ಎರಡು ಪುಟ್ಟ ಹನಿಗಳು, ಚೂಪು ತುದಿ ಚೂಪು ತುದಿಗೆ ತಾಗಿ ಜೋಡಿಯಾಗಿ ಕೂತಿದ್ದವು. ಪಕ್ಕದ ಕಣದಲ್ಲೂ ಅದೇ ಜೋಡಿ. ಉಣುಗಿನ ಜ್ವರ.

ಕಾಲೇಜಿನಲ್ಲಿ ಇದನ್ನು ಓದಿದ್ದೆ, ಕಣ್ಣಾರೆ ನೋಡಿರಲಿಲ್ಲ. ಮೈಗೆ ಅಂಟಿ ರಕ್ತ ಹೀರುವ ಉಣುಗು ಕಚ್ಚಿದಾಗ ಈ ಹನಿಯಂಥ ಜೀವಿ ದನದ ರಕ್ತ ಸೇರುತ್ತದೆ. ಕರುವಾಗಿದ್ದಾಗಲೇ ಸೇರಿದರೆ ದನ ಅದನ್ನು ತಾಳಿಕೊಂಡು ಬದುಕುತ್ತದೆ. ಜೀವಿ ಒಳಗೇ ಮಲಗಿರುತ್ತದೆ. ನಮ್ಮ ಆಡಿನ ಮದ್ದು ಎಬ್ಬಿಸಿದ ಜ್ವರದಲ್ಲಿ ಮೈ ಸೋತಾಗ ಅದು ಎಚ್ಚತ್ತು ರಕ್ತವನ್ನು ಒಡೆಯುತ್ತದೆ. ಘಟ್ಟದ ಮೇಲಿನ ಬಯಲುಸೀಮೆಯಲ್ಲಿ ಇದೇ ಮದ್ದನ್ನು ಊರೂರಿಗೆ ಹಾಕಿದ್ದೆವು, ಹೀಗಾಗಿರಲಿಲ್ಲ. ಅಲ್ಲಿಯ ದನಗಳ ಮೈಮೇಲೆ ಇಷ್ಟು ಉಣುಗು ಇರುವುದಿಲ್ಲ. ಮದ್ದು ಕೆಟ್ಟಿರಲಿಲ್ಲ. ಆದರೂ ಎತ್ತು ಸತ್ತದ್ದು ಮದ್ದಿನಿಂದಲೇ.

ಆ ಹೆಂಗಸನ್ನು ಕರೆದು, ಇದರಲ್ಲಿ ಕಣ್ಣಿಟ್ಟು ನೋಡು ಎಂದೆ. ಅವಳು ದೂರದಿಂದಲೇ ತಲೆಯಾಡಿಸಿದಳು. "ನೀವು ಇಟ್ಟದ್ದೇ ಕಾಣೂದು ಅದರಲ್ಲಿ."

ಉಣುಗಿನ ಜ್ವರಕ್ಕೆ ಒಂದೇ ಔಷಧಿ ಗೊತ್ತಿತ್ತು, ಟ್ರಿಪಾನ್ ಬ್ಲೂ ಎಂಬ ನೀಲಿ ಪುಡಿ. ಅದು ಕುಮಟೆಯ ದವಾಖಾನೆಯ ಕಪಾಟಿನಲ್ಲಿತ್ತು. ನನ್ನನ್ನು ಬಿಡುವುದಿಲ್ಲ ಎಂದರು. ಬಹಳ ಚರ್ಚೆಯಾಗಿ ಡ್ರೆಸರನ್ನು ಕಳಿಸಲು ಒಪ್ಪಿದರು. ಅವನು ಮರುದಿನ ಬರಬೇಕಿತ್ತು, ಬರಲಿಲ್ಲ. "ಓಡಿಹೋದ" ಎಂದರು ಪಟೇಲರು. "ಅವನು ಬಾರದಿದ್ರೆ ಮದ್ದಲ್ಲಿ ನಂಜು ಇದ್ದದ್ದು ನಿಮಗೂ ಗೊತ್ತಿತ್ತು ಅಂತ ಆತು." ನಾನು ಅವನ ಪರವಾಗಿ ಮಾತಾಡಿದೆ. ಒಳಗೊಳಗೆ, ಸಿಟ್ಟು ಮಾಡಿಕೊಂಡು ಹೋದವನು, ಯಾಕೆ ಬಂದಾನು ಎಂದು ನನಗೂ ಅನ್ನಿಸುತ್ತಿತ್ತು.

ಈ ನಡುವೆ ಕಾಡಿನ ಗಾರ್ಡು ಬಂದ. ಊರಿನವರಿಗೆ ಅವನನ್ನು ಕಂಡರಾಗದು, ಸೊಪ್ಪು ಕಡಿಯಲು ಬಿಡುವವನಲ್ಲ. ಹಳ್ಳದ ಮೇಲ್ಭಾಗದಲ್ಲಿ ಒಂದು ಕಾಡುಕೋಣ ಸತ್ತುಬಿದ್ದಿದೆ, ಡಾಕ್ಟರು ನೋಡಬೇಕು ಎಂದ. ಪಟೇಲರು, ಆ ಹೆಂಗಸು, ಇನ್ನೊಂದಿಷ್ಟು ಜನ ನನ್ನ ಕಾವಲಿಗೆಂದು ಹಿಂದೆಯೇ ಬಂದರು. ಕೋಣ ನೀರಿಗೆ ಮೂತಿ ಚಾಚಿ ಬಿದ್ದಿತ್ತು. ಹೊಟ್ಟೆ ಉಬ್ಬಿ, ಹುಳ ಬಿದ್ದಿತ್ತು. ಬಾಯಿಗೆ ಕರ್ಪೂರ ಹಚ್ಚಿದ ಬಟ್ಟೆ ಕಟ್ಟಿಕೊಂಡು ಕೊಯ್ದೆ. ಒಸಡು, ನಾಲಗೆಯಡಿ ತುಂಬ ಹುಣ್ಣು. ದೊಡ್ಡ ಕರುಳಿನ ಒಳಮೈಯಲ್ಲಿ ಉದ್ದುದ್ದ ಕೆಂಪು ಬರೆಗಳು. ದೊಡ್ಡ ರೋಗವೇ. ಕೊಳೆತದ್ದನ್ನು ನೋಡಿದರೆ ಸತ್ತು ಕೆಲವು ದಿನವಾಗಿತ್ತು. ರೋಗ ಹತ್ತಿ ಸಾಯುವುದಕ್ಕೂ ಹತ್ತು ಹನ್ನೆರಡು ದಿನ ಬೇಕು. ನನ್ನ ಆಡು ಊರಿಗೆ ಬರುವ ಮೊದಲೇ ಕಾಡಿನಲ್ಲಿ ರೋಗವಿತ್ತು.

"ಇದಕ್ಕೂ ನಿಮ್ಮ ಆಡಿಂದಲೇ ಬಂದದ್ದು" ಎಂದರು ಪಟೇಲರು.

ಆ ಹೆಂಗಸು ಅವರ ಕಡೆ ತಿರುಗಿದಳು. "ಕೋಣಕ್ಕೆ ಸೂಜಿ ಹಾಕಿದ್ದು ಯಾರು ಪಟೇಲ್ರೇ?"

ಅದೊಂದು ಮಾತಿಗೆ ಗಾಳಿ ತಿರುಗಿತು. ಮರಳಿ ಊರಿಗೆ ಬರುವಷ್ಟರಲ್ಲಿ ಎತ್ತು ಸತ್ತದ್ದೂ ಕೋಣದಿಂದ, ಕೆಂಪು ಉಚ್ಚೆಯೂ ಕೋಣದಿಂದ ಎಂದಾಗಿತ್ತು. ಕೋಣ ಸರ್ಕಾರದ್ದು, ಸಾಕಿದ್ದು ಗಾರ್ಡು! ಬಿದಿರು ಒಣಗಿದ ಕಡೆ ಬೆಂಕಿ ಹಾಕಿ ಕೋಣಗಳನ್ನು ಹೊನ್ನಾವರದ ದಿಕ್ಕಿಗೆ ಅಟ್ಟಬೇಕು ಎಂದು ಮಾತಾಯಿತು. ಬಾವಿಯ ಹಗ್ಗ ಮುಟ್ಟಲು ಬಿಡದವನು ಈಗ ನನಗೆ ಎಳನೀರು ತಂದುಕೊಟ್ಟ. ಗಾರ್ಡು ಬೇಲಿಯ ಹೊರಗೆ ನಿಂತು ಕೈಸನ್ನೆಯಿಂದ ನನ್ನನ್ನು ಕರೆದ. "ಸಾಯಬ್ರೆ, ನಿಜವಾಗ್ಲೂ ಎಲ್ಲಾ ಕೋಣದಿಂದನಾ? ಬೆಂಕಿ ಬಿದ್ರೆ ನನ್ನ ಮನೆಯೂ ಉಳಿಯೂದಿಲ್ಲ."

ಎತ್ತನ್ನು ನೋಡಬೇಕು ಎಂದು ಹೇಳಿ ನಾನು ಕೊಟ್ಟಿಗೆಯ ಕಡೆಗೆ ನಡೆದೆ.

ಅಂದೇ ಸಂಜೆ ಡ್ರೆಸರ್ ಬಂದ. ಹೊನ್ನಾವರದ ತಾರಿಯಲ್ಲಿ ಮಿಲಿಟರಿ ಲಾರಿಗಳ ಸಾಲು ನಿಂತು ಹೊಳೆ ದಾಟಲು ತಡವಾಗಿತ್ತಂತೆ. ಪುಡಿಯ ಬಾಟಲಿಯನ್ನು ಅಂಗಿಯೊಳಗಿಂದ ತೆಗೆದುಕೊಟ್ಟ. ಜೊತೆಗೆ ಮೇಲಧಿಕಾರಿಗಳ ಬಾಯಿಮಾತು. ಅವರು ಕ್ಯಾಂಪಿಗೆಂದು ಕುಮಟೆಗೆ ಬಂದಿದ್ದರು.

"ನಮ್ಮ ಮದ್ದಿನಿಂದ ಅಂತ ಬಾಯಿ ಬಿಡಬಾರ್ದಂತೆ. ಒಂದು ಊರಿಗೆ ಗೊತ್ತಾದ್ರೆ ಇಡೀ ಜಿಲ್ಲೆ ದನ ಕೊಡೂದಿಲ್ಲ, ಒಂದು ಎತ್ತಿಗೆ ಅತ್ತರೆ ಸಾವಿರ ಸಾಯ್ತವೆ ಅಂದ್ರು." ಅವನು ಸುಟ್ಟ ಕೈಯನ್ನು ಊದಿಕೊಂಡ. "ಅವರ ಮಾತು ಸುಳ್ಳು ಅಲ್ಲ."

ಸುಳ್ಳಲ್ಲ ಎಂದು ನನಗೂ ಗೊತ್ತಿತ್ತು. ಊರಿನವರೇ ನನಗೊಂದು ದಾರಿ ತೆರೆದುಕೊಟ್ಟಿದ್ದರು. ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಆದರೆ ಬೆಂಕಿಗೆ ಚದುರಿದ ಕೋಣಗಳು ರೋಗವನ್ನು ಹೊನ್ನಾವರದ ಕಾಡಿಗೆ ಹೊತ್ತುಕೊಂಡು ಹೋಗುತ್ತವೆ. ನಾಳೆ ಇದೇ ಮದ್ದನ್ನು ಉಳಿದ ದನಗಳಿಗೆ ಹಾಕಿದರೆ ಮತ್ತೆ ಕೆಲವು ಕೆಂಪು ಹೊಯ್ಯುತ್ತವೆ, ಆಗ ಯಾವ ಕೋಣವನ್ನು ತೋರಿಸುವುದು? ಇವೆಲ್ಲ ಲೆಕ್ಕಾಚಾರದ ಮಾತು. ನಿಜ ಹೇಳಬೇಕೆಂದರೆ, ಆ ಎಳನೀರನ್ನು ಕುಡಿಯಲು ನನ್ನಿಂದ ಆಗಿರಲಿಲ್ಲ.

ಬೆಳಿಗ್ಗೆ ಜನರನ್ನು ಕಟ್ಟೆಯ ಹತ್ತಿರ ಸೇರಿಸಿದೆ. ದೊಡ್ಡ ರೋಗ ಕಾಡಿನಲ್ಲಿದೆ, ನಿಮ್ಮ ಹಟ್ಟಿಗೂ ಬರುತ್ತದೆ, ಅದು ಕಾಡಿನಿಂದ ಊರಿಗೆ ಬಂತೋ ಊರಿನಿಂದ ಕಾಡಿಗೆ ಹೋಯಿತೋ ನನಗೆ ಗೊತ್ತಿಲ್ಲ, ಬೆಂಕಿ ಹಾಕಿದರೆ ಅದು ಇನ್ನಷ್ಟು ಹರಡುತ್ತದೆ ಎಂದೆ. ಆಮೇಲೆ ಎತ್ತಿನ ವಿಷಯ. "ಆ ಎತ್ತು ಸತ್ತದ್ದು ಕೋಣದಿಂದ ಅಲ್ಲ. ಅದರ ಮೈಯಲ್ಲಿ ಉಣುಗಿನ ಜ್ವರ ಮಲಗಿತ್ತು. ನನ್ನ ಸೂಜಿ ಅದನ್ನ ಎಬ್ಬಿಸಿತು."

ಪಟೇಲರು ಎರಡೂ ಕೈ ಎತ್ತಿದರು. "ಕೇಳಿದ್ರಲ್ಲ? ಅವರೇ ಒಪ್ಪಿಕೊಂಡ್ರು!"

ಯಾರೋ ಒಬ್ಬ ಮದ್ದು ಅರೆಯುವ ನಮ್ಮ ಒರಳನ್ನು ಎತ್ತಿ ಕಲ್ಲಿಗೆ ಅಪ್ಪಳಿಸಿದ, ಅದು ಎರಡು ಹೋಳಾಯಿತು. ಇನ್ನೊಬ್ಬ ನನ್ನ ಅಂಗಿಯ ಕೊರಳು ಹಿಡಿದ. ಡ್ರೆಸರ್ ಮಧ್ಯೆ ನುಗ್ಗಿ ಎರಡೇಟು ತಿಂದ. ಆಗ ಆ ಹೆಂಗಸು ಕೂಗಿದಳು.

"ಹೊಡಿಯೂದು ಆಮೇಲೆ ಹೊಡೀರಿ. ನನ್ನ ಎತ್ತು ಇನ್ನೂ ಉಸಿರಾಡ್ತಾ ಉಂಟು." ನನ್ನ ಎದುರು ಬಂದು ನಿಂತಳು. "ತಂದ ಮದ್ದು ಎಲ್ಲುಂಟು? ಅದು ಇನ್ನೆಂತ ಎಬ್ಬಿಸ್ತದೆ, ಅದನ್ನೂ ಈಗಲೇ ಹೇಳಿ."

"ಕಣ್ಣು, ಒಸಡು ನೀಲಿಯಾಗ್ತದೆ. ಬಹಳ ದಿನ ಹೋಗೂದಿಲ್ಲ. ನರದಿಂದ ಹೊರಗೆ ಚೆಲ್ಲಿದ್ರೆ ಕತ್ತು ಬಾತುಕೊಳ್ತದೆ. ತಡವಾಗಿದೆ, ಬದುಕದೆಯೂ ಇರಬಹುದು."

"ಆತು. ಹಾಕಿ."

ಪುಡಿಯನ್ನು ಆವಿಯ ನೀರಿನಲ್ಲಿ ಕದಡಿ, ಸೋಸಿ, ಮೈಯಷ್ಟು ಬೆಚ್ಚಗೆ ಮಾಡಿದೆ. ಎತ್ತಿನ ಕತ್ತಿಗೆ ಹಗ್ಗ ಬಿಗಿದಾಗ ದೊಡ್ಡ ನರ ಎದ್ದು ನಿಂತಿತು. ಸೂಜಿ ಚುಚ್ಚಿ, ರಕ್ತ ಬಂದದ್ದು ಖಚಿತವಾದ ಮೇಲೆ ಹಗ್ಗ ಸಡಿಲಿಸಿ, ನಿಧಾನವಾಗಿ ನೀಲಿಯನ್ನು ಒಳಗೆ ಬಿಟ್ಟೆ. ಅವಸರ ಮಾಡಿದರೆ ಎತ್ತು ಅಲ್ಲೇ ಕುಸಿಯುತ್ತದೆ. ಎತ್ತಿಗೆ ಮೈಯೆಲ್ಲ ಕಂಪನ ಬಂತು. ಸ್ವಲ್ಪ ಹೊತ್ತಿನಲ್ಲಿ ಕಣ್ಣಿನ ಬಿಳಿ ಹೋಗಿ ನೇರಳೆ ಹಣ್ಣು ತಿಂದ ನಾಲಗೆಯ ಬಣ್ಣ ಬಂತು. ಒಸಡೂ ನೀಲಿ. "ನಂಜು ಏರಿತು" ಎಂದು ಗುಂಪಿನಲ್ಲಿ ಗುಜುಗುಜು. ಆ ಹೆಂಗಸು ಎತ್ತಿನ ಮೂಗುದಾರ ಹಿಡಿದು ನಿಂತವಳು ಯಾರ ಕಡೆಗೂ ನೋಡಲಿಲ್ಲ.

ಮರುದಿನ ಅದರ ಉಚ್ಚೆ ಕಪ್ಪಾಗಿತ್ತು. ನಾನು ಆಸೆ ಬಿಟ್ಟೆ. ಅದರ ಮಾರನೇ ದಿನ ಬಣ್ಣ ತಿಳಿಯಾಯಿತು. ಮಧ್ಯಾಹ್ನ ಎತ್ತು ಹುಲ್ಲಿಗೆ ಬಾಯಿ ಹಾಕಿತು. ಬೇರೆ ಕೊಟ್ಟಿಗೆಗಳ ಕೆಂಪು ಹೊಯ್ಯುವ ದನಗಳಿಗೂ ಹಾಕಿಸಿಕೊಂಡರು. ಒಂದು ಸತ್ತಿತು, ಉಳಿದವು ಎದ್ದವು. ಬೆಂಕಿಯ ಮಾತು ಅಲ್ಲಿಗೇ ನಿಂತಿತು. ದೊಡ್ಡ ರೋಗದ ಮದ್ದಿಗೆ ಇನ್ನೊಂದು ಆಡು ತಂದಾಗ ಅರ್ಧ ಕೇರಿ ಬಂತು, ನೀಲಿ ಬಾಟಲಿ ಪಕ್ಕದಲ್ಲಿದೆಯೇ ಎಂದು ನೋಡಿಕೊಂಡೇ ಬಂತು. ಪಟೇಲರು ಬರಲಿಲ್ಲ. ಮಳೆಗೆ ಮುಂಚೆ ಅವರ ಹಟ್ಟಿಗೆ ರೋಗ ಹೊಕ್ಕಿತು.

ನಾನು ಹೊರಡುವಾಗ ಆ ಹೆಂಗಸು ಧನ್ಯವಾದ ಹೇಳಲಿಲ್ಲ. ಹೇಳುವಂಥದ್ದು ಏನೂ ಇರಲಿಲ್ಲ. ಅವಳಿಗೆ ಉಳಿದದ್ದು ಒಂಟಿ ಎತ್ತು. "ಮುಂದಿನ ಊರಲ್ಲಿ ಮೊದಲು ಹೇಳಿ, ಮತ್ತೆ ಸೂಜಿ ತೆಗೀರಿ" ಎಂದಳು.

ಹಾಗೇ ಮಾಡಿದೆ. ಮೇಲಧಿಕಾರಿಗಳಿಂದ ಕಟುವಾದ ಮಾತು ಕೇಳಿಸಿಕೊಂಡೆ, ನಿಲ್ಲಿಸಲಿಲ್ಲ. ಹೊನ್ನಾವರದಿಂದ ಒಳಗಿನ ಒಂದು ಊರಿನಲ್ಲಿ ಎಲ್ಲವನ್ನೂ ಹೇಳಿದೆ: ಜ್ವರ ಬರುತ್ತದೆ, ಕೆಲವಕ್ಕೆ ಕೆಂಪು ಬರಬಹುದು, ನೀಲಿ ಮದ್ದು ಇದೆ, ಆದರೂ ಒಂದೋ ಎರಡೋ ಹೋಗಬಹುದು. ಅವರು ಕೇಳಿ, ತಮ್ಮೊಳಗೆ ಮಾತಾಡಿಕೊಂಡು, ಬೇಡ ಎಂದರು. ನಾನು ಮತ್ತೊಮ್ಮೆ ಹೇಳಿದೆ. ಬೇಡ ಎಂದರು. ಕೆಲವೇ ವಾರಗಳಲ್ಲಿ ಅಲ್ಲಿಗೆ ದೊಡ್ಡ ರೋಗ ಬಂತು. ನಾನು ಮತ್ತೆ ಹೋದಾಗ ಮಾಡಲು ಉಳಿದಿದ್ದ ಕೆಲಸ ಹೊಂಡ ತೋಡಿಸಿ ಸುಣ್ಣ ಸುರಿಸುವುದಷ್ಟೇ. ಬೇಡ ಎಂದವರಲ್ಲಿ ಮೊದಲು ಮಾತಾಡಿದ ಮುದುಕ ಖಾಲಿ ಕೊಟ್ಟಿಗೆಯ ಹೊಸ್ತಿಲ ಮೇಲೆ ಕೂತಿದ್ದ.

"ಎಂತಕ್ಕೆ ಹೇಳಿದ್ರಿ ಡಾಕ್ಟ್ರೇ?" ಎಂದ. ಬೈಗುಳದ ದನಿ ಅಲ್ಲ ಅದು. "ಒಂದು ಸುಳ್ಳು ಹೇಳಿ ಹಾಕಿಬಿಟ್ಟಿದ್ರೆ ಇಷ್ಟೂ ಇರ್ತಿದ್ವು."

ನಾನು ಅವನ ಪಕ್ಕದಲ್ಲಿ ಕೂತೆ. ಹೊಂಡಕ್ಕೆ ಸುಣ್ಣ ಸುರಿಯುವುದು ಮುಗಿಯುವವರೆಗೂ ಎದ್ದೇಳಲಿಲ್ಲ.

ಅಲ್ಲಿಂದ ಮುಂದಿನದು ಕುಮಟೆಯ ಕಡೆಯ ಊರು. ಆ ಕೊಟ್ಟಿಗೆಗಳು ಖಾಲಿಯಾದ ಸುದ್ದಿ ನಮಗಿಂತ ಮುಂಚೆ ತಲುಪಿತ್ತು. ದನಗಳನ್ನು ಬೇಲಿಗೆ ಕಟ್ಟಿ, ಹಗ್ಗ ಹಿಡಿದುಕೊಂಡು ಜನ ಸಾಲಾಗಿ ನಿಂತಿದ್ದರು. ಎಲ್ಲರ ಮುಖದಲ್ಲೂ ಹೆದರಿಕೆ. ಆ ಹೊತ್ತಿನಲ್ಲಿ ಯಾರೂ ಏನೂ ಕೇಳುತ್ತಿರಲಿಲ್ಲ. ಹಾಕಿಬಿಡಬಹುದಿತ್ತು. ಡ್ರೆಸರ್ ಸಿರಿಂಜು ತುಂಬಿ ನನ್ನ ಕೈಗೆ ಕೊಟ್ಟು ನನ್ನ ಮುಖ ನೋಡಿದ.

ನಾನು ಅದನ್ನು ತಟ್ಟೆಯ ಮೇಲಿಟ್ಟು ಬಟ್ಟೆ ಮುಚ್ಚಿದೆ. "ಹಗ್ಗ ಬಿಡಿ, ಸ್ವಲ್ಪ ಕೂತ್ಕೊಳ್ಳಿ" ಎಂದೆ. "ಇದರಿಂದ ಎಂತ ಆಗಬಹುದು ಅಂತ ಮೊದಲು ಹೇಳ್ತೇನೆ."